ಬಾಯಿಗೆ ಬೆರಳಿಟ್ಟು ನಕ್ಕ ಚಾಪ್ಲಿನ್: ತೆರೆಯ ಮೇಲಿನ ಮುಖ ಹೇಗೆ ನಟಿಸುತ್ತದೆ?

"ಆ ಸೀನಲ್ಲಿ ಡೈಲಾಗೇ ಇಲ್ಲ ಮಾರಾಯ, ಬರೀ ಕಣ್ಣಲ್ಲೇ ಎಲ್ಲಾ ಹೇಳಿಬಿಟ್ಟ." ಸಿನಿಮಾ ಮುಗಿಸಿ ಹೊರಗೆ ಬರುವಾಗ ಈ ಮಾತು ಆಡದವರು ಕಡಿಮೆ. ಹೇಳಿದ್ದು ಏನು, ಹೇಗೆ ಹೇಳಿದ ಅಂತ ಪಕ್ಕದವರು ತಿರುಗಿ ಕೇಳಿದರೆ ಮಾತ್ರ ತಡವರಿಸುತ್ತೇವೆ. ಹುಬ್ಬು ಹಾರಿಸಿದನೇ? ತುಟಿ ನಡುಗಿತೇ? ಕಣ್ಣಲ್ಲಿ ನೀರು ಬಂತೇ? ಅದೇ ದೃಶ್ಯವನ್ನು ಮನೆಯಲ್ಲಿ ಮತ್ತೆ ಹಾಕಿ, ಮುಖ ದೊಡ್ಡದಾಗಿ ಕಾಣುವ ಕಡೆ ನಿಲ್ಲಿಸಿ ನೋಡಿದರೆ ಎಷ್ಟೋ ಸಲ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಒಬ್ಬ ಮನುಷ್ಯ ಏನನ್ನೋ ನೋಡುತ್ತಿರುತ್ತಾನೆ, ಅಷ್ಟೇ.

ಗುಟ್ಟಿರುವುದು ಅಲ್ಲೇ ಅಂತ ನನ್ನ ಅಭಿಪ್ರಾಯ. ಒಂದು ಮುಖ ನಿಜವಾಗಿಯೂ ಏನನ್ನೋ ನೋಡುತ್ತಿದ್ದರೆ, ಅದರಿಂದ ಏನೋ ತಿಳಿದುಕೊಳ್ಳಲು ಒದ್ದಾಡುತ್ತಿದ್ದರೆ, ನಾವು ಬಿಟ್ಟ ಕಣ್ಣು ಬಿಟ್ಟಹಾಗೆ ಅದನ್ನು ಓದುತ್ತಾ ಹೋಗುತ್ತೇವೆ. ನಮಗೆ ತೋರಿಸಲೆಂದೇ ತಯಾರಾಗಿ ಬಂದ ಮುಖವನ್ನು ಒಂದೇ ಸಲಕ್ಕೆ ಓದಿ ಮುಗಿಸುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಅಂತ ನೋಡಲು 1931ರ 'ಸಿಟಿ ಲೈಟ್ಸ್' ಚಿತ್ರದ ಕೊನೆಯ ದೃಶ್ಯಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಚಿತ್ರ ಲಾಸ್ ಏಂಜಲೀಸ್‌ನಲ್ಲಿ ತೆರೆಕಂಡದ್ದು ಜನವರಿ 30ರಂದು. ಅಮೆರಿಕದಲ್ಲಿ ಮಾತಿನ ಸಿನಿಮಾ ಬಂದು ಆಗಲೇ ಮೂರು ವರ್ಷ ದಾಟಿತ್ತು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಇತ್ತ ಮುಂಬಯಿಯಲ್ಲಿ 'ಆಲಂ ಆರಾ' ಬಂದು ನಮ್ಮ ಸಿನಿಮಾವೂ ಬಾಯಿಬಿಟ್ಟಿತು. ಲೋಕವೆಲ್ಲ ಮಾತಿಗೆ ಮುಗಿಬಿದ್ದಿದ್ದ ಹೊತ್ತಿನಲ್ಲಿ ಚಾರ್ಲಿ ಚಾಪ್ಲಿನ್ ಹಟ ಹಿಡಿದು ಮೂಕಿ ಚಿತ್ರ ಮಾಡಿದ. ಅದರಲ್ಲಿ ಸಂಗೀತವಿದೆ, ಸದ್ದುಗಳಿವೆ. ಮಾತು ಬೇಕೇ ಬೇಕು ಅನ್ನಿಸಿದಾಗ ಕಪ್ಪು ಪರದೆಯ ಮೇಲೆ ಒಂದೆರಡು ಸಾಲು ಬಂದು ಹೋಗುತ್ತದೆ.

ಕಥೆ ಸರಳ. ಬೀದಿಬದಿಯಲ್ಲಿ ಹೂ ಮಾರುವ ಕುರುಡು ಹುಡುಗಿ. ಪೊಲೀಸನ ಕಣ್ಣು ತಪ್ಪಿಸಲು ಅಲೆಮಾರಿ ಚಾರ್ಲಿ ನಿಂತಿದ್ದ ಕಾರೊಂದರೊಳಗೆ ಒಂದು ಬಾಗಿಲಿನಿಂದ ನುಗ್ಗಿ ಇನ್ನೊಂದು ಬಾಗಿಲಿನಿಂದ ಅವಳ ಮುಂದೆ ಇಳಿಯುತ್ತಾನೆ. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಹುಡುಗಿ, ಯಾರೋ ಸಾಹುಕಾರ ಬಂದ ಅಂದುಕೊಳ್ಳುತ್ತಾಳೆ. ಇಡೀ ಸಿನಿಮಾ ನಿಂತಿರುವುದು ಈ ಒಂದು ತಪ್ಪು ತಿಳಿವಳಿಕೆಯ ಮೇಲೆ. ಅದನ್ನು ಮಾತಿಲ್ಲದೆ ಮೂಡಿಸುವುದು ಹೇಗೆಂದು ಹೊಳೆಯದೆ ಚಾಪ್ಲಿನ್ ಆ ದೃಶ್ಯಕ್ಕೆ 342 ಟೇಕ್ ತೆಗೆದದ್ದು ಸಿನಿಮಾ ಚರಿತ್ರೆಯಲ್ಲಿ ದಾಖಲಾಗಿದೆ. ಮುಂದೆ ಅಲೆಮಾರಿ ಅವಳ ಕಣ್ಣಿನ ಆಪರೇಷನ್‌ಗೆ ಹಣ ಹೊಂದಿಸಿ ಕೊಡುತ್ತಾನೆ. ಅವನಿಗೆ ಆ ಹಣ ಕೊಟ್ಟವನು ಒಬ್ಬ ಕೋಟ್ಯಧೀಶ, ಕುಡಿದ ಅಮಲಿನಲ್ಲಿ ಕೊಟ್ಟಿದ್ದಾನೆ. ನಶೆ ಇಳಿದ ಮೇಲೆ ಅವನಿಗೆ ಏನೂ ನೆನಪಿಲ್ಲ. ಅಲೆಮಾರಿ ಕಳ್ಳತನದ ಆರೋಪದ ಮೇಲೆ ಜೈಲಿಗೆ ಹೋಗುತ್ತಾನೆ.

ಅವನು ಹೊರಗೆ ಬರುವಷ್ಟರಲ್ಲಿ ಬಟ್ಟೆ ಚಿಂದಿಯಾಗಿದೆ. ಹುಡುಗಿಗೆ ಕಣ್ಣು ಬಂದಿದೆ, ಅವಳದೇ ಒಂದು ಹೂವಿನಂಗಡಿ ಇದೆ. ಅಂಗಡಿಗೆ ಬರುವ ಚಂದದ ಶ್ರೀಮಂತರನ್ನೆಲ್ಲ 'ಇವನೇ ಇರಬಹುದೇ' ಅಂತ ನೋಡುತ್ತಾಳೆ. ಹೊರಗೆ ಬೀದಿಯಲ್ಲಿ ಪೇಪರ್ ಮಾರುವ ಹುಡುಗರು ಅಲೆಮಾರಿಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಅವನು ಗಟಾರದ ಅಂಚಿನಲ್ಲಿ ಬಿದ್ದ ಹೂವೊಂದನ್ನು ಬಗ್ಗಿ ಎತ್ತಿಕೊಳ್ಳುತ್ತಾನೆ. ಗಾಜಿನಾಚೆ ಕೂತ ಹುಡುಗಿ ಈ ತಮಾಷೆ ನೋಡಿ ನಗುತ್ತಿದ್ದಾಳೆ. ಅವನು ತಿರುಗುತ್ತಾನೆ, ಅವಳನ್ನು ಕಾಣುತ್ತಾನೆ. ಅಲ್ಲಿಗೆ ಅವನ ಓಡಾಟ, ಚೇಷ್ಟೆ ಎಲ್ಲ ನಿಂತುಹೋಗುತ್ತದೆ. ಕೈಯಲ್ಲಿದ್ದ ಹೂವಿನ ಎಸಳು ಉದುರುತ್ತಿರುವುದೂ ಅವನ ಗಮನಕ್ಕಿಲ್ಲ. ಹುಡುಗಿ ಒಳಗಿದ್ದವರಿಗೆ, ನೋಡಿ, ಒಬ್ಬ ನನಗೆ ಮರುಳಾದ, ಅಂತ ನಗೆಯಾಡುತ್ತಾಳೆ.

ಕನಿಕರ ಬಂದು ಒಂದು ಹೊಸ ಹೂವು, ಒಂದು ನಾಣ್ಯ ತೋರಿಸಿ ಕರೆಯುತ್ತಾಳೆ. ಅವನು ಜಾರಿಕೊಳ್ಳಲು ನೋಡುತ್ತಾನೆ. ಅವಳು ಬಾಗಿಲಿಗೇ ಬರುತ್ತಾಳೆ. ಅವನು ದೂರದಿಂದಲೇ ಕೈ ಚಾಚಿ ಹೂ ತೆಗೆದುಕೊಳ್ಳುತ್ತಾನೆ. ನಾಣ್ಯ ಕೊಡಲೆಂದು ಅವಳು ಅವನ ಕೈ ಹಿಡಿಯುತ್ತಾಳೆ. ಕುರುಡಿಯಾಗಿದ್ದಾಗ ಹಿಡಿದಿದ್ದ ಕೈ ಅದು. ಅವಳ ನಗು ಮೆಲ್ಲಗೆ ಆರುತ್ತದೆ. ಬೆರಳುಗಳು ಆ ಅಂಗೈಯನ್ನು ಮತ್ತೆ ಸವರುತ್ತವೆ, ತೋಳಿನ ಮೇಲೆ ಹೋಗುತ್ತವೆ, ಕೋಟಿನ ಮೇಲೆ ಹೋಗುತ್ತವೆ. "ನೀವಾ?" ಅವನು ತಲೆಯಾಡಿಸುತ್ತಾನೆ. ತನ್ನ ಕಣ್ಣಿನತ್ತ ಬೆರಳು ತೋರಿಸಿ, ಈಗ ಕಾಣಿಸುತ್ತದಾ, ಅಂತ ಕೇಳುತ್ತಾನೆ. ಹೂಂ, ಈಗ ಕಾಣಿಸುತ್ತದೆ, ಅನ್ನುತ್ತಾಳೆ. ಹೂವು ಹಿಡಿದ ಕೈಯ ಬೆರಳನ್ನು ಬಾಯ ಹತ್ತಿರ ಇಟ್ಟುಕೊಂಡು, ಶಾಲೆಗೆ ತಡವಾಗಿ ಬಂದ ಹುಡುಗ ಮೇಷ್ಟರ ಮುಖ ನೋಡುವ ಹಾಗೆ ಅವನು ಅವಳನ್ನು ನೋಡುತ್ತಾ ನಗುತ್ತಾನೆ. ಪರದೆ ಕಪ್ಪಾಗುತ್ತದೆ. ಅವಳು ಒಪ್ಪಿಕೊಂಡಳೇ, ಇಲ್ಲವೇ, ಚಿತ್ರ ಹೇಳುವುದಿಲ್ಲ.

ಈಗ ಆ ನಗುವನ್ನು ಬಿಡಿಸಿ ನೋಡೋಣ. ನಮ್ಮಲ್ಲಿ ಇದಕ್ಕೆ ಹಳೆಯ ಸಲಕರಣೆ ಇದೆ. ನಾಟ್ಯಶಾಸ್ತ್ರ ಸ್ಥಾಯಿಭಾವ, ಅಂದರೆ ನೆಲೆನಿಂತ ಭಾವ, ಅಂತ ಒಂದನ್ನು ಹೇಳುತ್ತದೆ, ಅದರ ಮೇಲೆ ಬಂದು ಹೋಗುವ 33 ಸಂಚಾರಿ ಭಾವಗಳನ್ನು ಪಟ್ಟಿ ಮಾಡುತ್ತದೆ. ಚಾಪ್ಲಿನ್‌ನ ಕೊನೆಯ ಮುಖದಲ್ಲಿ ಸ್ಥಾಯಿ ಯಾವುದು ಅನ್ನುವುದರಲ್ಲಿ ಅನುಮಾನವಿಲ್ಲ: ರತಿ, ಅಂದರೆ ಪ್ರೀತಿ. ಅದರ ಮೇಲೆ ಏನೇನು ಸುಳಿಯುತ್ತವೆ ನೋಡಿ. ಅವಳಿಗೆ ಕಣ್ಣು ಬಂತಲ್ಲ ಅನ್ನುವ ಹರ್ಷ. ಅವಳು ಏನನ್ನುತ್ತಾಳೋ ಅನ್ನುವ ಔತ್ಸುಕ್ಯ. ಚಿಂದಿ ಬಟ್ಟೆಯಲ್ಲಿ ನಿಂತಿದ್ದೇನಲ್ಲ ಅನ್ನುವ ವ್ರೀಡೆ, ಅಂದರೆ ನಾಚಿಕೆ. ಬೇಡ ಅಂದುಬಿಟ್ಟರೆ ಅನ್ನುವ ಶಂಕೆ. ಇವು ಒಂದಾದ ಮೇಲೆ ಒಂದು ಸಾಲಾಗಿ ಬರುವುದಿಲ್ಲ, ಒಂದರ ಮೇಲೊಂದು ಹತ್ತಿಕೊಂಡು ಬರುತ್ತವೆ. ಬಾಯಿ ನಗುತ್ತಿದೆ, ಹುಬ್ಬು ಪ್ರಶ್ನೆ ಕೇಳುತ್ತಿದೆ, ಬಾಯ ಹತ್ತಿರದ ಬೆರಳು ಆ ನಗುವನ್ನೇ ಅರ್ಧ ಮುಚ್ಚುತ್ತಿದೆ. ಒಂದೇ ಭಾವ ತುಂಬಿದ ಮುಖಕ್ಕೆ ಒಂದು ಹೆಸರು ಕೊಟ್ಟು ಮುಂದಕ್ಕೆ ಹೋಗಬಹುದು. ಈ ಮುಖಕ್ಕೆ ಹೆಸರು ಸಿಗುವುದಿಲ್ಲ, ಆದ್ದರಿಂದ ಕಣ್ಣು ಕೀಳಲಾಗುವುದಿಲ್ಲ.

ಇದೆಲ್ಲ ಬೇಕೆಂದಾಗ ಬರುವಂಥದ್ದೂ ಅಲ್ಲ. ಫ್ರಾನ್ಸಿನ ವೈದ್ಯ ದ್ಯುಶೆನ್ ಎಂಬಾತ ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿ ಪರೀಕ್ಷೆ ಮಾಡಿ 1862ರಲ್ಲಿ ಪುಸ್ತಕ ಬರೆದ. ತುಟಿಯ ತುದಿಯನ್ನು ಎಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ, ಕಣ್ಣಿನ ಸುತ್ತಲ ಸ್ನಾಯು ನಿಜವಾಗಿ ಖುಷಿಯಾದಾಗ ಮಾತ್ರ ಅದರ ಜೊತೆ ಸೇರುತ್ತದೆ ಅಂತ ಅವನು ಗುರುತಿಸಿದ. ಫೋಟೋಗೆ ನಿಂತಾಗಿನ ನಗು ಪೇಲವವಾಗಿ ಕಾಣುವುದು ಇದರಿಂದಲೇ. ಹತ್ತು ವರ್ಷದ ನಂತರ ಡಾರ್ವಿನ್, ದುಃಖದಲ್ಲಿ ಹುಬ್ಬಿನ ಒಳತುದಿ ಮಾತ್ರ ಮೇಲೇಳುವುದನ್ನು ಬರೆದು, ಬೇಕೆಂದಾಗ ಅದನ್ನು ಮಾಡಬಲ್ಲವರು ಕೆಲವರೇ ಅಂದ. ಕನ್ನಡಿ ಮುಂದೆ ನಿಂತು ಪ್ರಯತ್ನಿಸಿ ನೋಡಿ. ಹೆಚ್ಚಿನವರಿಗೆ ಇಡೀ ಹುಬ್ಬೇ ಎದ್ದುಬಿಡುತ್ತದೆ. ಅಭ್ಯಾಸ ಮಾಡಿದ ನಟರು ಇವನ್ನೆಲ್ಲ ತಕ್ಕಮಟ್ಟಿಗೆ ತಂದುಕೊಳ್ಳುತ್ತಾರೆ, ಅದು ಸುಳ್ಳಲ್ಲ. ಆದರೆ ನಾಲ್ಕು ಭಾವಕ್ಕೆ ನಾಲ್ಕು ಸ್ನಾಯುಗಳನ್ನು ಲೆಕ್ಕಹಾಕಿ ಒಟ್ಟಿಗೆ ಕದಲಿಸಲು ಹೊರಟರೆ ಮುಖ ತಿರುಚಿಕೊಳ್ಳುತ್ತದೆ, ಭಾವ ಬರುವುದಿಲ್ಲ.

ಹಾಗಾದರೆ ಚಾಪ್ಲಿನ್ ಮಾಡಿದ್ದೇನು? ವಯಸ್ಸಾದ ಮೇಲೆ ಕೊಟ್ಟ ಒಂದು ಸಂದರ್ಶನದಲ್ಲಿ ಆತ ಈ ದೃಶ್ಯದ ಮಾತೆತ್ತಿದ್ದಾನೆ. ಆ ಟೇಕ್‌ನಲ್ಲಿ ತಾನು ನಟಿಸುತ್ತಲೇ ಇರಲಿಲ್ಲ, ತನ್ನಿಂದ ತಾನೇ ಹೊರಗೆ ನಿಂತು ನೋಡುತ್ತಿದ್ದ ಹಾಗಿತ್ತು, ಅದಕ್ಕೂ ಮುಂಚಿನ ಟೇಕ್‌ಗಳಲ್ಲಿ ನಟನೆ ಜಾಸ್ತಿಯಾಗಿತ್ತು ಅನ್ನುವುದು ಅದರ ಸಾರ. ಅವನು ಮಾಡಿದ್ದು ಅವಳನ್ನು ನೋಡಿದ್ದು. ಅವಳ ಮುಖದಲ್ಲಿ ತನ್ನ ಹಣೆಬರಹ ಏನಿದೆ ಅಂತ ಹುಡುಕಿದ್ದು. ಗಮನವೆಲ್ಲ ಅತ್ತ ಹೋದಾಗ ಇತ್ತ ತನ್ನ ಮುಖದ ಮೇಲಿನ ಕಾವಲು ಸಡಿಲವಾಗುತ್ತದೆ. ನಾಟ್ಯಶಾಸ್ತ್ರದವರು ಸಾತ್ವಿಕಾಭಿನಯವನ್ನು ಆಂಗಿಕದಿಂದ, ಅಂದರೆ ಅಂಗಾಂಗ ಆಡಿಸಿ ಮಾಡುವ ಅಭಿನಯದಿಂದ, ಬೇರೆಯಾಗಿಯೇ ಇಟ್ಟಿದ್ದಾರೆ. ಕಣ್ಣೀರು, ಬೆವರು, ರೋಮಾಂಚ, ಬಣ್ಣಗೆಡುವುದು, ಸ್ವರ ಒಡೆಯುವುದು ಇವೆಲ್ಲ ಮನಸ್ಸು ಒಂದು ಕಡೆ ನೆಟ್ಟಾಗ ತಾವಾಗಿ ಬರುವಂಥವು ಅನ್ನುವುದು ಅವರ ತಿಳಿವಳಿಕೆ.

ಇಲ್ಲಿ ಯಾರಾದರೂ ಕುಲೆಶೋವ್ ಹೆಸರು ತೆಗೆದು ತಕರಾರು ಎತ್ತುತ್ತಾರೆ. ಎತ್ತಬೇಕಾದದ್ದೇ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ನಟ ಮೊಝುಖಿನ್‌ನ ಭಾವವಿಲ್ಲದ ಒಂದೇ ಮುಖವನ್ನು ಮೂರು ಕಡೆ ಜೋಡಿಸಿದ: ಒಂದು ಬಟ್ಟಲು ಸೂಪು, ಶವಪೆಟ್ಟಿಗೆಯಲ್ಲಿ ಹೆಣ, ಒಬ್ಬ ಹೆಂಗಸು. ನೋಡಿದವರು ಅವನ ಹಸಿವು, ದುಃಖ, ಆಸೆಯನ್ನು ಹೊಗಳಿದರಂತೆ. ಆ ತುಣುಕು ಈಗ ಉಳಿದಿಲ್ಲ, ವಿವರಗಳು ಹೇಳಿದವರಿಂದ ಹೇಳಿದವರಿಗೆ ಬದಲಾಗುತ್ತವೆ. ಆದರೂ ಅದು ತೋರಿಸಿಕೊಟ್ಟ ಸಂಗತಿ ಪ್ರತಿ ಎಡಿಟರ್‌ಗೂ ಗೊತ್ತು. ಹಿಚ್‌ಕಾಕ್ ಇದನ್ನು ಟೀವಿಯಲ್ಲಿ ತನ್ನ ಮುಖ ಇಟ್ಟುಕೊಂಡೇ ವಿವರಿಸಿದ: ತಾಯಿ-ಮಗುವನ್ನು ನೋಡಿ ನಕ್ಕರೆ ಸಜ್ಜನ, ಅದೇ ನಗುವಿನ ಹಿಂದೆ ಬಿಕಿನಿ ತೊಟ್ಟ ಹುಡುಗಿಯ ಶಾಟ್ ಬಂದರೆ ಚಪಲ ಮುದುಕ. ಅಂದರೆ ಅಭಿನಯ ಅನ್ನುವುದೆಲ್ಲ ಕತ್ತರಿಯ ಕೈಚಳಕವೇ?

ಅರ್ಧ ಹೌದು. ಗ್ರೇಟಾ ಗಾರ್ಬೋ 'ಕ್ವೀನ್ ಕ್ರಿಸ್ಟಿನಾ'ದ (1933) ಕೊನೆಯಲ್ಲಿ ಹಡಗಿನ ಮುಂತುದಿಯಲ್ಲಿ ನಿಂತು ದೂರ ನೋಡುತ್ತಾಳೆ. ಏನೂ ಯೋಚಿಸಬೇಡ, ರೆಪ್ಪೆಯನ್ನೂ ಬಡಿಯಬೇಡ ಅಂತ ನಿರ್ದೇಶಕ ಮಮೂಲಿಯನ್ ಹೇಳಿಕೊಟ್ಟಿದ್ದ. ಪ್ರಿಯಕರ ಸತ್ತಿದ್ದಾನೆ, ಕಿರೀಟ ಬಿಟ್ಟುಕೊಟ್ಟಾಗಿದೆ; ಖಾಲಿ ಮುಖಕ್ಕೆ ನಾವೇ ದುಃಖ ತುಂಬಿಕೊಳ್ಳುತ್ತೇವೆ. 'ಸಿಟಿ ಲೈಟ್ಸ್'ನಲ್ಲೂ ಕಥೆ ತನ್ನ ಪಾಲನ್ನು ಮಾಡಿ ಮುಗಿಸಿದೆ. ಅವನು ಯಾರೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಈ ಅಂತರವೇ ಸಣ್ಣ ಕದಲಿಕೆಗೂ ತೂಕ ಕೊಡುತ್ತದೆ. 'ಕಸ್ತೂರಿ ನಿವಾಸ'ದಲ್ಲಿ ರಾಜ್‌ಕುಮಾರ್ ಪಾರಿವಾಳದ ಸನ್ನಿವೇಶ ನಮ್ಮನ್ನು ಅಲ್ಲಾಡಿಸುವುದು ಇದೇ ಲೆಕ್ಕದಲ್ಲಿ: ಮನೆಗೆ ಬಂದವರ ಊಟಕ್ಕಾಗಿ ಇದ್ದ ಒಂದು ಪಾರಿವಾಳವನ್ನೂ ಕಳೆದುಕೊಂಡವನ ಮುಂದೆ ಅದೇ ಪಾರಿವಾಳ ಕೊಡಿ ಅನ್ನುತ್ತಾರೆ. ಕೇಳುವವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುವುದರಿಂದ, ರಾಜ್‌ಕುಮಾರ್ ಸುಮ್ಮನೆ ನಿಂತರೂ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನರ್ಧ ನಟನದೇ. ಕುಲೆಶೋವ್‌ನ ಖಾಲಿ ಮುಖಕ್ಕೆ ನಾವು ತುಂಬುವುದು ಒಂದೊಂದೇ ದೊಡ್ಡ ಹೆಸರು: ಹಸಿವು, ದುಃಖ. ಆ ಮುಖದಿಂದ ನಾಚಿಕೆಯ ಒಳಗಿನ ಆಸೆಯನ್ನು, ಆಸೆಯ ಒಳಗಿನ ಹೆದರಿಕೆಯನ್ನು ಯಾರೂ ಓದಲಿಲ್ಲ. ಅಷ್ಟು ನಯವಾದದ್ದು ಬೇಕಾದರೆ ಆ ಕಡೆ ಒಬ್ಬ ಮನುಷ್ಯ ಕ್ಷಣಕ್ಷಣಕ್ಕೂ ಬದಲಾಗುತ್ತಿರಬೇಕು.

ರಂಗಭೂಮಿಯವರು ಇದನ್ನು ಓದಿ ಮುನಿಸಿಕೊಳ್ಳಬಾರದು. ಬಯಲಿನಲ್ಲಿ ಕೂತ ಕೊನೆಯ ಸಾಲಿನವನಿಗೆ ಕಾಣಬೇಕಾದ ಮುಖದ ಲೆಕ್ಕವೇ ಬೇರೆ. ಯಕ್ಷಗಾನದ ಬಣ್ಣದ ವೇಷದ ದಪ್ಪ ಗೆರೆಗಳು, ಹೊರಳಿಸುವ ಕಣ್ಣು, ಅಬ್ಬರ ಎಲ್ಲವೂ ಆ ದೂರಕ್ಕೆ ಹೊಂದಿಕೊಂಡೇ ಬೆಳೆದಿವೆ. ಕ್ಲೋಸಪ್ ಆ ದೂರವನ್ನು ತೆಗೆದುಹಾಕುತ್ತದೆ. ಕಣ್ಣುಗುಡ್ಡೆ ಒಂದಿಷ್ಟು ಸರಿದರೂ ಪರದೆಯ ಮೇಲೆ ಅದು ಘಟನೆ. ಚಾಪ್ಲಿನ್ ಕೂಡ ರಂಗದಿಂದ ಬಂದವನೇ, ಇಡೀ ದೇಹದಿಂದ ನಗಿಸುವವನು. ಅವನ ಕ್ಯಾಮೆರಾ ಸಾಮಾನ್ಯವಾಗಿ ತಲೆಯಿಂದ ಬೂಟಿನವರೆಗೆ ಕಾಣುವಷ್ಟು ದೂರದಲ್ಲೇ ನಿಲ್ಲುತ್ತಿತ್ತು, ಕ್ಲೋಸಪ್ ಖರ್ಚು ಮಾಡುವುದರಲ್ಲಿ ಆತ ಜಿಪುಣ. ಉದ್ದಕ್ಕೂ ನಡೆಯುವ, ಬೀಳುವ, ಓಡುವ ಅಲೆಮಾರಿಯನ್ನೇ ಕಂಡವರಿಗೆ ಕೊನೆಗೆ ಅವನ ಮುಖ ಇಷ್ಟು ಹತ್ತಿರ ಬಂದಾಗ ಎದುರು ಕೂತಷ್ಟು ಮುಜುಗರವಾಗುತ್ತದೆ. ಈಗಿನ ಸೀರಿಯಲ್‌ಗಳಲ್ಲಿ ಅತ್ತೆ, ಸೊಸೆ, ನಾದಿನಿ ಎಲ್ಲರ ಮುಖಕ್ಕೂ ಮೂರು ಮೂರು ಸಲ ಝೂಮ್ ಆಗುವುದನ್ನು ನೋಡಿ ನಮಗೆ ಏನೂ ಅನಿಸದೆ ಇರುವುದೂ ಇದೇ ಕಾರಣಕ್ಕೆ. ಅಲ್ಲಿ ಹತ್ತಿರ ಬರುವುದಕ್ಕೆ ಬೆಲೆಯೇ ಉಳಿದಿಲ್ಲ.

ಒಂದು ಸಣ್ಣ ತಮಾಷೆ ಹೇಳಬೇಕು. ಆ ಕೊನೆಯ ಶಾಟ್‌ಗಳಲ್ಲಿ ಕಂಟಿನ್ಯುಟಿ ಸರಿಯಿಲ್ಲ. ಚಾಪ್ಲಿನ್ ಮುಖದ ಕಡೆಯಿಂದ ತೆಗೆದ ಶಾಟ್‌ನಲ್ಲಿ ಹೂವು ಹಿಡಿದ ಕೈ ಬಾಯ ಹತ್ತಿರವಿದೆ. ಅವನ ಬೆನ್ನ ಹಿಂದಿನಿಂದ ಅವಳ ಮುಖ ತೋರಿಸಿದಾಗ ಕೈ ಅಲ್ಲಿಲ್ಲ. ಮತ್ತೆ ಇತ್ತ ಬಂದರೆ ಬಾಯ ಹತ್ತಿರ ಹಾಜರು. ತಿಂಗಳುಗಟ್ಟಲೆ ಒಂದೇ ದೃಶ್ಯ ತೆಗೆಯುತ್ತಿದ್ದ ಮನುಷ್ಯನಿಗೆ ಇದು ಕಾಣಲಿಲ್ಲ ಅನ್ನುವುದು ಕಷ್ಟ. ಕಂಡರೂ ಬಿಟ್ಟಿರಬೇಕು. ಹೇಳುವ ತನಕ ನಮಗೂ ಕಾಣುವುದಿಲ್ಲ, ಯಾಕೆಂದರೆ ನಮ್ಮ ಕಣ್ಣು ಕೈಯ ಮೇಲಿಲ್ಲ. ಅವನು ಅವಳ ಕಣ್ಣನ್ನು ನೋಡುತ್ತಾನೆ, ನಾವು ಅವನ ಕಣ್ಣನ್ನು ನೋಡುತ್ತೇವೆ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಮುಖವೊಂದನ್ನು ಪಕ್ಕದಲ್ಲಿಟ್ಟರೆ ಮಾತು ಇನ್ನೂ ಸ್ಪಷ್ಟವಾದೀತು. 'ಗಾಡ್‌ಫಾದರ್'ನ (1972) ಹೋಟೆಲ್ ದೃಶ್ಯದಲ್ಲಿ ಅಲ್ ಪಚಿನೋನ ಮೈಕೆಲ್, ಟಾಯ್ಲೆಟ್‌ನಲ್ಲಿ ಬಚ್ಚಿಟ್ಟಿದ್ದ ಪಿಸ್ತೂಲು ತೆಗೆದುಕೊಂಡು ಬಂದು ಮತ್ತೆ ಕುರ್ಚಿಯಲ್ಲಿ ಕೂರುತ್ತಾನೆ. ಬಂದವನೇ ಗುಂಡು ಹಾರಿಸಬೇಕಿತ್ತು, ಹಾರಿಸಲಿಲ್ಲ. ಎದುರಿನ ಸೊಲೊಝೊ ಇಟಾಲಿಯನ್‌ನಲ್ಲಿ ಮಾತಾಡುತ್ತಲೇ ಇದ್ದಾನೆ, ಸಬ್‌ಟೈಟಲ್ ಇಲ್ಲ. ಕ್ಯಾಮೆರಾ ಮೈಕೆಲ್ ಮುಖಕ್ಕೆ ಹತ್ತಿರವಾಗುತ್ತದೆ. ಅವನ ಕಣ್ಣು ಎದುರಿಗಿದ್ದವನ ಮೇಲೆ ನಿಲ್ಲುವುದಿಲ್ಲ, ಅತ್ತಿತ್ತ ಹರಿದಾಡುತ್ತದೆ. ಕೇಳುವ ಹಾಗೆ ಕೂತಿದ್ದಾನೆ, ಒಂದಕ್ಷರವೂ ಕಿವಿಗೆ ಹೋಗುತ್ತಿಲ್ಲ. ಸಂಗೀತವೂ ಇಲ್ಲ. ಸೌಂಡ್ ನೋಡಿಕೊಂಡ ವಾಲ್ಟರ್ ಮರ್ಚ್ ಅಲ್ಲಿಗೆ ಒಂದು ರೈಲಿನ ಕರ್ಕಶ ಸದ್ದನ್ನು ತಂದು ಏರಿಸುತ್ತಾ ಹೋಗಿದ್ದಾನೆ. ರೈಲು ಎಲ್ಲೂ ಕಾಣುವುದಿಲ್ಲ. ಮೈಕೆಲ್ ತಲೆಯೊಳಗೇ ಓಡುತ್ತಿದೆ ಅನಿಸುತ್ತದೆ. ಚಾಪ್ಲಿನ್ ಹೊರಗೆ ಹುಡುಕುತ್ತಿದ್ದ, ಇವನು ಒಳಗೆ ನೋಡಿಕೊಳ್ಳುತ್ತಿದ್ದಾನೆ. ಸ್ಟುಡಿಯೋದವರು ಅಲ್ಲಿಯವರೆಗೆ ಪಚಿನೋನನ್ನು ತೆಗೆದುಹಾಕುವ ಯೋಚನೆಯಲ್ಲಿದ್ದರು. ಈ ದೃಶ್ಯ ನೋಡಿದ ಮೇಲೆ ಉಳಿಸಿಕೊಂಡರು ಅನ್ನುವುದನ್ನು ಆತನೇ ಹಲವು ಸಲ ಹೇಳಿಕೊಂಡಿದ್ದಾನೆ.

'ಪಥೇರ್ ಪಾಂಚಾಲಿ'ಯಲ್ಲಿ (1955) ಸತ್ಯಜಿತ್ ರಾಯ್ ಇನ್ನೊಂದು ದಾರಿ ಹಿಡಿದರು. ಊರಿಗೆ ಮರಳಿದ ಹರಿಹರ, ಮಗಳು ದುರ್ಗಾ ತೀರಿಕೊಂಡದ್ದು ತಿಳಿಯದೆ ಅವಳಿಗೆಂದು ತಂದ ಸೀರೆ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಅಲ್ಲಿಯ ತನಕ ಕಲ್ಲಿನಂತಿದ್ದ ಸರ್ಬಜಯಾ ಆ ಸೀರೆಯನ್ನು ನೋಡಿ ಕುಸಿಯುತ್ತಾಳೆ. ಆ ಪಾತ್ರ ಮಾಡಿದ ಕರುಣಾ ಬ್ಯಾನರ್ಜಿ ಅಳುವುದು ಕಾಣುತ್ತದೆ, ಕೇಳುವುದಿಲ್ಲ. ಅಳುವಿನ ಜಾಗದಲ್ಲಿ ತಾರ್ ಶೆಹನಾಯಿ ಎಂಬ ತಂತಿವಾದ್ಯ ಎತ್ತರದ ಸ್ವರದಲ್ಲಿ ಚೀರುತ್ತದೆ. ತೆರೆದ ಬಾಯಿಂದ ದನಿ ಬಾರದೆ ಇದ್ದಾಗ ನಾವು ಮುಖವನ್ನೇ ಕೇಳಿಸಿಕೊಳ್ಳತೊಡಗುತ್ತೇವೆ. ಆ ಮುಖ ಒಡೆದದ್ದು ಕೂಡ ಒಂದು ವಸ್ತುವನ್ನು ನೋಡಿದಾಗಲೇ ಅನ್ನುವುದನ್ನು ಮರೆಯಬಾರದು.

ಮತ್ತೆ 'ಸಿಟಿ ಲೈಟ್ಸ್'ಗೆ ಬಂದರೆ, ಹೊಗಳಿಕೆಯೆಲ್ಲ ಚಾಪ್ಲಿನ್‌ಗೇ ಹೋಗಿದೆ. ಹೂ ಮಾರುವ ಹುಡುಗಿಯಾದ ವರ್ಜೀನಿಯಾ ಚೆರಿಲ್ ಬಗ್ಗೆ ಮಾತಾಡುವವರು ಕಡಿಮೆ. ಆಕೆ ತರಬೇತಾದ ನಟಿಯಲ್ಲ, ನಿಜವಾಗಿಯೂ ಸಮೀಪದೃಷ್ಟಿ ಇದ್ದವಳು. ಚಾಪ್ಲಿನ್‌ಗೂ ಅವಳಿಗೂ ಹೊಂದಿಕೆಯಾಗಲಿಲ್ಲ. ನಡುವೆ ಅವಳನ್ನು ತೆಗೆದುಹಾಕಿ, ಇದೇ ಕೊನೆಯ ದೃಶ್ಯವನ್ನು ಇನ್ನೊಬ್ಬ ನಟಿ ಜಾರ್ಜಿಯಾ ಹೇಲ್ ಜೊತೆ ತೆಗೆದು ನೋಡಿದ. ಆ ಟೆಸ್ಟ್ ಫಿಲ್ಮ್ ಇವತ್ತಿಗೂ ಇದೆ. ಕೊನೆಗೆ ಸಂಬಳ ಹೆಚ್ಚಿಸಿ ಚೆರಿಲ್‌ಳನ್ನೇ ಮತ್ತೆ ಕರೆಸಬೇಕಾಯಿತು. ಅವಳು ಮಾಡುವುದು ತೀರಾ ಕಡಿಮೆ: ಒಂದು ನಗುವನ್ನು ಆರಿಸುತ್ತಾಳೆ, ಮತ್ತೆ ಏನನ್ನೂ ಅದರ ಜಾಗದಲ್ಲಿ ಬೇಗ ತಂದಿಡುವುದಿಲ್ಲ. ಖುಷಿಯೂ ಇಲ್ಲ, ನಿರಾಸೆ ಅನ್ನುವ ಹಾಗೂ ಇಲ್ಲ. ಅವಳು ಅಲ್ಲಿ ಧಾರಾಳವಾಗಿ ಅತ್ತುಬಿಟ್ಟಿದ್ದರೆ ಚಾಪ್ಲಿನ್‌ಗೆ ಹುಡುಕಲು ಏನೂ ಉಳಿಯುತ್ತಿರಲಿಲ್ಲ.

ಅಮೆರಿಕದ ವಿಮರ್ಶಕ ಜೇಮ್ಸ್ ಅಗೀ 1949ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಈ ದೃಶ್ಯವನ್ನು ಸಿನಿಮಾದ ಅತಿ ಶ್ರೇಷ್ಠ ಅಭಿನಯ ಅಂತ ಬರೆದ. ಇವತ್ತಿಗೂ ಎಲ್ಲರೂ ಎತ್ತಿ ಹೇಳುವುದು ಅದೇ ಸಾಲನ್ನು. ಅದರ ಮುಂಚಿನ ಸಾಲುಗಳನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅಲೆಮಾರಿ ಅವಳತ್ತ ನಡೆದು ಬರುತ್ತಾನೆ, ಅವನ ಮುಖದ ಹೊಳೆಯುವ ಸಂತೋಷದಿಂದಲೇ ಅವಳು ಅವನನ್ನು ಗುರುತಿಸುತ್ತಾಳೆ ಅಂತ ಅಗೀ ಬರೆದಿದ್ದಾನೆ. ಚಿತ್ರದಲ್ಲಿ ಹಾಗಿಲ್ಲ. ಅಲೆಮಾರಿ ತಪ್ಪಿಸಿಕೊಳ್ಳಲು ನೋಡುತ್ತಾನೆ, ಅವಳೇ ಹೊರಗೆ ಬರುತ್ತಾಳೆ, ಅವಳಿಗೆ ಗುರುತು ಹತ್ತುವುದು ಕೈ ಮುಟ್ಟಿದಾಗ. 'ಸಿಟಿ ಲೈಟ್ಸ್' ಮತ್ತೆ ಬಿಡುಗಡೆಯಾದದ್ದು 1950ರಲ್ಲಿ, ಬಹುಶಃ ಆತ ಹಳೆಯ ನೆನಪಿನಿಂದ ಬರೆದಿರಬೇಕು. ನೆನಪಿನಲ್ಲಿ ಕೈ ಅಳಿಸಿಹೋಗಿ ಅದರ ಕೆಲಸವನ್ನೂ ಮುಖವೇ ವಹಿಸಿಕೊಂಡಿದೆ. ಆದರೆ ಅಲ್ಲೇ ಪಕ್ಕದಲ್ಲಿ ಇನ್ನೊಂದು ಮಾತಿದೆ, ಅದು ಮಾತ್ರ ಪೂರ್ತಿ ಸರಿ: ತಾನು ಏನು ಅನ್ನುವುದನ್ನು ಅಲೆಮಾರಿ ಮೊದಲ ಬಾರಿಗೆ ತಿಳಿದುಕೊಳ್ಳುವುದು ಅವಳ ಮುಖ ಬದಲಾಗುವುದನ್ನು ಕಂಡು, ಅನ್ನುತ್ತಾನೆ ಅಗೀ. ಚೆರಿಲ್‌ಗೆ ಸಲ್ಲಬೇಕಾದ ಪಾಲು ಆ ಸಾಲಿನಲ್ಲಿದೆ.